ಬೈಹುಲ್ಲಿನ ಮುಡಿಯಲ್ಲಿ ಬೆಚ್ಚಗಿದ್ದ ಸುಕ್ಕ

ನನ್ನ ತವರು ಮೂಡಬಿದ್ರೆ. ಮದುವೆಯಾಗಿ ಬಂದದ್ದು ಬಂಟ್ವಾಳಕ್ಕೆ. ಅರವತ್ತರ ದಶಕದ ಮೊದಲ ವರ್ಷಗಳು ಅವು. ಮಂಗಳೂರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿ ಬಂದ ಸೊಸೆ ಎಂದು ಗಂಡನ ಮನೆಯಲ್ಲಿ ನನಗೆ ಮರ್ಯಾದೆಯೂ ಇತ್ತು, ಅದಕ್ಕಿಂತ ಹೆಚ್ಚು ತಮಾಷೆಯೂ ಇತ್ತು. "ನಮ್ಮ ಅತ್ತಿಗೆಗೆ ಕಣ್ಣಿಗೆ ಕಾಣದ ಜೀವಿಗಳೆಲ್ಲ ಕಾಣ್ತವೆ, ಒಲೆಯಲ್ಲಿ ಉಕ್ಕುವ ಹಾಲು ಮಾತ್ರ ಕಾಣುವುದಿಲ್ಲ" ಎಂದು ಮೈದುನ ಬಂದವರಿಗೆಲ್ಲ ಹೇಳುತ್ತಿದ್ದ. ಅತ್ತೆಯನ್ನು ನಾನು ಮಾಮಿ ಎಂದು ಕರೆಯುತ್ತಿದ್ದೆ. ಮೈದುನನ ಮಾತಿಗೆ ಅವರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಒಳ್ಳೆಯ ಮನೆ ಅದು.

ನಾದಿನಿಯನ್ನು ಬೆಳ್ತಂಗಡಿಯ ಆಚೆ ಒಂದು ಊರಿಗೆ ಕೊಟ್ಟಿದ್ದರು. ಅವಳಿಗೆ ಆಗ ಏಳು ತಿಂಗಳು. ಅದರ ಹಿಂದಿನ ಸಲ ಐದನೆಯ ತಿಂಗಳಲ್ಲಿ ಹೊಟ್ಟೆ ಕೆಟ್ಟು, ಜ್ವರ ಬಂದು, ಮಗು ಉಳಿದಿರಲಿಲ್ಲ. ಆದ್ದರಿಂದ ಈ ಸಲ ಎರಡೂ ಮನೆಯವರು ಉಸಿರು ಬಿಗಿಹಿಡಿದುಕೊಂಡಿದ್ದರು. ಬಸುರಿಯ ಬಯಕೆಯನ್ನು ತವರಿನವರು ಹೊತ್ತುಕೊಂಡು ಹೋಗಿ ತೀರಿಸಬೇಕು ಎಂಬುದು ನಮ್ಮ ಕಡೆಯ ಪದ್ಧತಿ. ಅವಳು ಹೇಳಿಕಳಿಸಿದ ಬಯಕೆ ಒಂದೇ: ಅಮ್ಮನ ಕೈಯ ಕೋಳಿ ಸುಕ್ಕ.

ಬಸ್ಸು ಬೆಳಗ್ಗೆ ಬೇಗ. ಆದ್ದರಿಂದ ಅತ್ತೆ ಹಿಂದಿನ ದಿನ ಸಂಜೆಯೇ ಅಡಿಗೆ ಮಾಡಿದರು. ತೆಂಗಿನಕಾಯಿ ತುರಿಯುವಾಗ ಅವರ ಬೆರಳಿಗೆ ಹೆರೆಮಣೆ ತಾಗಿ ಗಾಯವಾಗಿತ್ತು. ಎರಡು ದಿನದ ಹಿಂದಿನ ಗಾಯ, ಕೀವಾಗಿತ್ತು, ಹಳೆಯ ಸೀರೆಯ ಚೂರು ಸುತ್ತಿದ್ದರು. ಕೋಳಿ ಬೆಂದು ಕೆಳಗಿಳಿಸಿದ ಮೇಲೆ ಹುರಿದ ಕಾಯಿಯನ್ನು ಹಾಕಿ ಕೈಯಿಂದಲೇ ಬೆರೆಸತೊಡಗಿದರು.

"ಮಾಮಿ, ಸೌಟಿನಲ್ಲಿ ಬೆರೆಸುವ. ನಾನು ಮಾಡ್ತೇನೆ, ನಿಮ್ಮ ಬೆರಳು..."

"ಕೈ ಹಾಕದ ಸುಕ್ಕಕ್ಕೆ ರುಚಿ ಉಂಟಾ ಮಾರಾಯ್ತಿ? ಬೆರಳಿಗೇನು, ನೋವು ನನಗೆ ತಾನೇ."

ಆಮೇಲಿನದು ಕಟ್ಟುವ ಕೆಲಸ. ಅದನ್ನು ನೋಡಬೇಕಿತ್ತು. ಬಾಡಿಸಿದ ಬಾಳೆಲೆ ಹಾಸಿದ ಪಾತ್ರೆಗೆ ಹಬೆಯಾಡುವ ಸುಕ್ಕ ತುಂಬಿ, ಮೇಲೆ ಎಲೆ ಮುಚ್ಚಿ, ಬಟ್ಟೆ ಬಿಗಿದು, ಸುತ್ತಲೂ ಬೈಹುಲ್ಲಿಟ್ಟು, ಅಕ್ಕಿಯ ಮುಡಿ ಕಟ್ಟುವ ಹಾಗೆಯೇ ಹುಲ್ಲಿನ ಹಗ್ಗದಿಂದ ಸುತ್ತಿ ಸುತ್ತಿ ಒಂದು ದೊಡ್ಡ ಉಂಡೆ ಮಾಡಿದರು. ತವರಿನ ಅಡಿಗೆ ಮಗಳ ಎಲೆಗೆ ಬೀಳುವಾಗ ಬೆಚ್ಚಗಿರಬೇಕು, ದಾರಿಯಲ್ಲಿ ಮುಡಿ ಬಿಚ್ಚಬಾರದು. ತಣ್ಣಗಿನ ಅಡಿಗೆ ಕೊಂಡುಹೋದವರು ಮಗಳನ್ನು ಮರೆತವರು. ಅತ್ತೆಯ ಅಮ್ಮನೂ ಹೀಗೆಯೇ ಕಟ್ಟಿಕೊಂಡು ಬರುತ್ತಿದ್ದರಂತೆ.

"ಅಗಲವಾದ ಪಾತ್ರೆಯಲ್ಲಿ ಹರಡಿ ಆರಿಸಿ ಕಟ್ಟಿದರೆ ಒಳ್ಳೆಯದಲ್ಲವಾ?" ಎಂದೆ.

"ಆರಿಸುವುದಾದರೆ ಪೇಟೆಯ ಹೋಟೆಲಿನಿಂದಲೇ ತರಿಸಬಹುದಲ್ಲ!" ಎಂದು ಅತ್ತೆ ನಕ್ಕರು. ಮೈದುನ, "ಕೋಳಿಗೂ ಕಾಲೇಜು ಪಾಠ ಶುರುವಾಯಿತು" ಎಂದ.

ಬೆಳಗ್ಗೆ ಅತ್ತೆ, ಮೈದುನ ಮತ್ತು ನಾನು ಹೊರಟೆವು. ಪುಂಜಾಲಕಟ್ಟೆಗೆ ಬರುವಾಗ ಬಸ್ಸಿನ ಎಂಜಿನ್ ಕೆಟ್ಟಿತು. ಡ್ರೈವರ್ ಬಾನೆಟ್ಟಿನೊಳಗೆ ತಲೆ ಹಾಕಿದವನು ಬಹಳ ಹೊತ್ತು ಹೊರಗೆ ತೆಗೆಯಲೇ ಇಲ್ಲ. ಬಿಸಿಲು ಏರಿತು. ಅತ್ತೆ ಮರದ ಕೆಳಗೆ ಕೂತು ಮುಡಿಯನ್ನು ಮಗುವಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡರು. "ಕೈ ಹಾಕಿ ನೋಡು, ಇನ್ನೂ ಬೆಚ್ಚಗೆ ಉಂಟು" ಎಂದು ಹೆಮ್ಮೆಯಿಂದ ನನ್ನ ಕೈಯನ್ನು ಹುಲ್ಲಿನೊಳಗೆ ತೂರಿಸಿದರು.

ನಿಜ. ಸುಡುತ್ತಿರಲಿಲ್ಲ, ತಣ್ಣಗೂ ಇರಲಿಲ್ಲ. ನಮ್ಮ ಮೈಯಷ್ಟೇ ಬೆಚ್ಚಗಿತ್ತು.

ಆ ಬಿಸುಪು ನನಗೆ ಗೊತ್ತಿತ್ತು. ಕಾಲೇಜಿನ ಪ್ರಯೋಗಶಾಲೆಯ ಮೂಲೆಯಲ್ಲಿ ಒಂದು ಪೆಟ್ಟಿಗೆ ಇತ್ತು. ಅದರೊಳಗೆ ಸದಾ ಇಷ್ಟೇ ಬಿಸಿ. ಮಾಂಸದ ತಿಳಿಸಾರು ತುಂಬಿದ ಗಾಜಿನ ನಳಿಗೆಗೆ ಬೆರಳ ತುದಿಯಷ್ಟು ಕೊಳೆ ತಾಗಿಸಿ ಅದರಲ್ಲಿಟ್ಟರೆ, ಮರುದಿನ ಸಾರು ಕದಡಿ ಹೋಗಿರುತ್ತಿತ್ತು. ಒಂದು ಹನಿಯಲ್ಲಿ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ. ಅವನ್ನು ಬೆಳೆಸಲು ನಾವು ಪಡುತ್ತಿದ್ದ ಪಾಡನ್ನೆಲ್ಲ ಅತ್ತೆ ಹುಲ್ಲು, ಹಗ್ಗ ಮತ್ತು ಪ್ರೀತಿಯಿಂದ ಪಟ್ಟಿದ್ದರು. ಕೀವಿನ ಬೆರಳೂ ಸೇರಿ ಏನೊಂದೂ ಬಾಕಿ ಇರಲಿಲ್ಲ.

ಇದನ್ನು ಅವಳಿಗೆ ಕೊಡುವುದು ಬೇಡ ಎಂದು ಹೇಳಿದೆ. ಅತ್ತೆಗೆ ಬೇಸರವಾಯಿತು. "ಅಪಶಕುನ ಮಾತಾಡಬೇಡ, ಬಸುರಿಯ ಅಡಿಗೆ ಇದು" ಎಂದು ಮುಖ ತಿರುಗಿಸಿದರು. ಮೈದುನ ಕೂಡ ನಗಲಿಲ್ಲ. ಬಸ್ಸು ಹೊರಟಿತು.

ತಲುಪುವಾಗ ಮಧ್ಯಾಹ್ನ ದಾಟಿತ್ತು. ನಾದಿನಿಯ ಅತ್ತೆ, ಅಂದರೆ ನಮ್ಮ ಬೀಗಿತ್ತಿ, ಅವಳಿಗೆ ಹೊಸ ಸೀರೆ ಉಡಿಸಿ ಮಣೆಯ ಮೇಲೆ ಕೂರಿಸಿ ಕಾಯುತ್ತಿದ್ದರು. ನೆರೆಯ ಹೆಂಗಸರೂ ಬಂದಿದ್ದರು. ಅತ್ತೆ ಎಲ್ಲರ ಎದುರು ಹಗ್ಗ ಬಿಚ್ಚಿದರು. ಪರಿಮಳ ಜಗಲಿಯವರೆಗೆ ಹೋಯಿತು. ಕೆಟ್ಟ ವಾಸನೆ ಬಂದಿದ್ದರೆ ಎಷ್ಟು ಸುಲಭವಾಗುತ್ತಿತ್ತು ಎಂದು ಈಗಲೂ ಅನಿಸುತ್ತದೆ. ಒಂದಿಷ್ಟೂ ಇರಲಿಲ್ಲ. "ಬಂಟ್ವಾಳದಿಂದ ಬಂದದ್ದು, ಇನ್ನೂ ಬಿಸಿ ಉಂಟು ನೋಡಿ!" ಎಂದು ಬೀಗಿತ್ತಿ ಹೊಗಳಿದರು. ನಾದಿನಿ ನಗುತ್ತಾ ಒಂದು ತುಂಡು ಎತ್ತಿದಳು. ಬಾಯಿ ತೆರೆದಳು.

ನಾನು ಅವಳ ಮಣಿಕಟ್ಟು ಹಿಡಿದೆ.

ಹಿಡಿದದ್ದು ಮೆಲ್ಲಗೆ ಅಲ್ಲ. ಎರಡು ಬಳೆ ಒಡೆದವು. ಬಸುರಿಯ ಕೈಯ ಬಳೆ! ಹೆಂಗಸರೆಲ್ಲ ಒಮ್ಮೆಲೇ ಉಸಿರೆಳೆದುಕೊಂಡರು.

"ಇದೇನು? ತಿನ್ನುವವಳ ಕೈ ಹಿಡಿಯುವುದಾ?" ಬೀಗಿತ್ತಿಯ ಸ್ವರ ಬದಲಾಗಿತ್ತು.

"ನಾನು ಮಾಡಿದ್ದರಲ್ಲಿ ವಿಷ ಉಂಟಾ?" ಎಂದು ಅತ್ತೆ ಕೇಳಿದರು. ಸಿಟ್ಟಿಗಿಂತ ಅವಮಾನ ಹೆಚ್ಚಿತ್ತು ಆ ಪ್ರಶ್ನೆಯಲ್ಲಿ.

"ನೀವು ಮಾಡಿದ್ದರಲ್ಲಿ ಅಲ್ಲ ಮಾಮಿ. ಮಾಡಿ ಕಟ್ಟಿಟ್ಟ ಮೇಲೆ ಒಳಗೆ ಬೆಳೆದದ್ದು. ನಿನ್ನೆ ಸಂಜೆಯಿಂದ ಅದು ಬೆಚ್ಚಗೆ ಉಂಟು."

"ಹಾಗಾದರೆ ಇನ್ನೊಮ್ಮೆ ಕುದಿಸುವ."

"ಕುದಿಸಿದರೆ ಅವು ಸಾಯಬಹುದು. ಅವು ಬಿಟ್ಟ ವಿಷ ಹೋಗುವುದಿಲ್ಲ. ಅವಳಿಗೆ ಬೇಡ ಮಾಮಿ. ಹೋದ ಸಲ..."

ಅತ್ತೆ ಮಗಳ ಹೊಟ್ಟೆಯನ್ನು ನೋಡಿದರು. ಬಗ್ಗಿ, ಅವಳ ಬೆರಳುಗಳ ನಡುವಿನಿಂದ ಆ ತುಂಡನ್ನು ತಾವೇ ತೆಗೆದು ಪಾತ್ರೆಗೆ ಹಾಕಿದರು. ಎಲೆಯನ್ನೂ ಮಡಚಿದರು. ಆಮೇಲೆ ಬೀಗಿತ್ತಿಯ ಕಡೆ ತಿರುಗಿ, "ನಿಮ್ಮ ಅಂಗಳದಲ್ಲಿ ಒಂದು ಹೇಟೆ ಓಡಾಡ್ತಾ ಇತ್ತಲ್ಲ, ಅದನ್ನು ಕೊಡ್ತೀರಾ?" ಎಂದರು.

ಬೀಗಿತ್ತಿ ಅಂಗಳದ ಕಡೆ ಕೈ ತೋರಿಸಿದರು. "ಅದು ಮೊಟ್ಟೆ ಇಡುವ ಹೇಟೆ. ಹುಂಜ ಬೇಕಾದರೆ ಹಿಡಿದುಕೊಳ್ಳಿ, ಬೆಳಗಾದರೆ ನನ್ನ ತಲೆ ತಿನ್ನುವುದು ಅದೇ."

ಯಾರೋ ನಕ್ಕರು. ಎಲ್ಲರೂ ನಕ್ಕರು. ನಾನು ಒಡೆದ ಬಳೆಯ ಚೂರು ಹೆಕ್ಕಿದೆ.

ಕೋಳಿಯನ್ನು ಹೊರಗೆ ಅಡಿಕೆ ಹಾಳೆಯ ಮೇಲೆ ತುಂಡು ಮಾಡಿಸಿ, ಆ ಹಾಳೆಯನ್ನು ಎಸೆದೆವು. ಕತ್ತಿಯನ್ನು ಕುದಿಯುವ ನೀರಿನಲ್ಲಿ ತೊಳೆದೆ. ಬೆರಳಿನ ಗಾಯದಿಂದಾಗಿ ಅತ್ತೆ ಒಲೆಯಿಂದ ದೂರ ಮಣೆ ಹಾಕಿ ಕೂತು ಬಾಯಲ್ಲಿ ಅಡಿಗೆ ಮಾಡಿದರು. ಸೌಟು ಹಿಡಿದವರು ಬೀಗಿತ್ತಿ. "ಕೊತ್ತಂಬರಿ ಇಷ್ಟು ಸಾಕಾ?" "ಬೇಡ, ಇನ್ನೂ ಹಾಕಿ, ನಿಮ್ಮ ಊರಿನವರು ಪಥ್ಯದ ಅಡಿಗೆ ಮಾಡುವುದು." "ಆಹಾ, ಬಂಟ್ವಾಳದವರು ಖಾರವನ್ನೇ ಪದಾರ್ಥ ಅಂತ ಬಡಿಸುವುದು!" ಮುಕ್ಕಾಲು ಗಂಟೆಯ ಹಿಂದೆ ಮುಖ ಗಂಟು ಹಾಕಿಕೊಂಡಿದ್ದವರು ಹೀಗೆ ಜಗಳವಾಡಿಕೊಂಡೇ ಹತ್ತಿರವಾದರು. ಸುಕ್ಕ ಒಲೆಯಿಂದ ನೇರವಾಗಿ ಎಲೆಗೆ ಬಂತು, ನಡುವೆ ಯಾರ ಕೈಯೂ ಇಲ್ಲ. ನಾದಿನಿ ಬೆರಳು ಚೀಪುತ್ತಾ ಇನ್ನೊಮ್ಮೆ ಹಾಕಿಸಿಕೊಂಡಳು.

ನಾವು ಇದರಲ್ಲಿ ಮುಳುಗಿದ್ದಾಗ ಮೈದುನ ದನದ ಹಟ್ಟಿಯ ಹಿಂದೆ ಮುಡಿಯ ಸುಕ್ಕ ತಿನ್ನುತ್ತಿದ್ದ. ಚೆಲ್ಲಲು ಕೊಟ್ಟದ್ದು ಅವನ ಕೈಗೆ. "ಅಮ್ಮ ಅಷ್ಟು ಕಷ್ಟಪಟ್ಟು ಮಾಡಿದ್ದು" ಎಂದು ಮನಸ್ಸು ಬರಲಿಲ್ಲವಂತೆ. ಸೂರ್ಯ ಇಳಿಯುವ ಹೊತ್ತಿಗೆ ಅವನು ಬಾವಿಕಟ್ಟೆ ಹಿಡಿದುಕೊಂಡು ವಾಂತಿ ಮಾಡುತ್ತಿದ್ದ. ನಿಲ್ಲಲೇ ಇಲ್ಲ. ಗಟ್ಟಿ ಆಳು, ಬೂದಿಯ ಬಣ್ಣಕ್ಕೆ ತಿರುಗಿದ್ದ. ಬೆಳ್ತಂಗಡಿಯಿಂದ ಕರೆಸಿದ ಡಾಕ್ಟರು ಅವನ ನಾಡಿ ಹಿಡಿದುಕೊಂಡೇ, ಮಣೆಯ ಮೇಲೆ ಕೂತಿದ್ದ ನಾದಿನಿಯನ್ನು ನೋಡಿ ಮೊದಲು ಕೇಳಿದ್ದು ಒಂದೇ ಮಾತು: "ಇವರು ತಿಂದಿದ್ದಾರಾ?"

"ಇಲ್ಲ" ಎಂದು ಅತ್ತೆ ಹೇಳಿದರು. ಮತ್ತೆ ಇನ್ನೊಮ್ಮೆ, ಯಾರೂ ಕೇಳದಿದ್ದರೂ, "ಇಲ್ಲ" ಎಂದರು.

ಉಪ್ಪು ಹಾಕಿದ ಗಂಜಿತಿಳಿ, ಎಳನೀರು ಕುಡಿದು ಮರುದಿನ ಮೈದುನ ಎದ್ದು ಕೂತ. "ಅತ್ತಿಗೆ, ನಿಮ್ಮ ಗಾಜಿನ ನಳಿಗೆ ನಾನೇ ಆದೆ" ಎಂದ. ಅವನಿಗೆ ನಗಲು ಆಗುತ್ತಿತ್ತು. ನನಗೆ ಆ ಡಾಕ್ಟರ ಪ್ರಶ್ನೆ ಇಂದಿಗೂ ಕಿವಿಯಲ್ಲಿ ಉಂಟು. ನಾನು ಬಾಗಿಲ ಬಳಿ ಯಾರೊಡನೆಯೋ ಮಾತಾಡುತ್ತಾ ನಿಂತಿದ್ದರೆ? ಅವಳು ಸ್ವಲ್ಪ ಬೇಗ ಕೈ ಎತ್ತಿದ್ದರೆ? ಎಷ್ಟೋ ಸಲ ಕೂತಲ್ಲೇ ನನ್ನ ಕೈ ಮುಂದೆ ಹೋಗುತ್ತದೆ, ಮಣಿಕಟ್ಟು ಸಿಗುವುದಿಲ್ಲ.

ಆಮೇಲೆ ನಮ್ಮ ಮನೆಯಿಂದ ಬೇಯಿಸಿದ ಮಾಂಸ ಕಟ್ಟಿಕೊಂಡು ಯಾರೂ ಪ್ರಯಾಣ ಹೋಗಲಿಲ್ಲ. ಹುರಿದ ಮಸಾಲೆ ಡಬ್ಬಿಯಲ್ಲಿ, ಕಾಯಿ ಇಡಿಯಾಗಿ, ಕೋಳಿ ಜೀವಂತವಾಗಿ. ಹೀಗೆ ಹೊರಟ ಅತ್ತೆಗೆ ಕಂಡಕ್ಟರ್, "ಅಮ್ಮ, ಕೋಳಿಗೂ ಟಿಕೇಟು ಮಾಡಬೇಕು" ಎಂದರೆ, "ಮಾಡು, ಆದರೆ ಅದಕ್ಕೆ ಹೋಗುವುದಕ್ಕೆ ಮಾತ್ರ, ಬರುವುದಕ್ಕೆ ಬೇಡ" ಎನ್ನುತ್ತಿದ್ದರು.

ನಾದಿನಿ ಹೆರಿಗೆಗೆ ಬಂಟ್ವಾಳಕ್ಕೆ ಬಂದಳು. ಹೆಣ್ಣುಮಗು, ಗುಂಡಗೆ, ದೊಡ್ಡ ಗಂಟಲು. ಬಾಣಂತಿಯ ಕೋಣೆಗೆ ಅಡಿಗೆಮನೆಯಿಂದ ಹತ್ತು ಹೆಜ್ಜೆಯೂ ಇಲ್ಲ, ಆದರೂ ಅತ್ತೆ ಬಟ್ಟಲು ಹಿಡಿದು ಓಡುತ್ತಲೇ ಹೋಗುತ್ತಿದ್ದರು. "ಸುಡ್ತದೆ ಅಮ್ಮ, ಸ್ವಲ್ಪ ಆರಲಿ" ಎಂದು ಒಳಗಿನಿಂದ ನಾದಿನಿ ಕೂಗುತ್ತಿದ್ದಳು.

"ಊದಿಕೊಂಡು ತಿನ್ನು" ಎನ್ನುತ್ತಿದ್ದರು ಅತ್ತೆ, ಮತ್ತು ಅವಳು ಬಟ್ಟಲು ಖಾಲಿ ಮಾಡುವವರೆಗೆ ಅಲ್ಲಿಂದ ಏಳುತ್ತಿರಲಿಲ್ಲ.