ಊಟಕ್ಕೆ ಮುಂಚಿನ ಮಾತು

ಚರ್ಚಿನಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು ಆಮೆನ್ ಅಣ್ಣ ಎಂದು. ಕಸುಬಿನಲ್ಲಿ ಪ್ಲಂಬರ್. ಪ್ರಾರ್ಥನೆಯ ಮಟ್ಟಿಗೆ ಅವನಿಗೆ ಒಗ್ಗಿದ್ದು ಅದೊಂದೇ ಪದ, ಅದನ್ನು ಮಾತ್ರ ಗೋಡೆ ನಡುಗುವ ಹಾಗೆ ಹೇಳುತ್ತಿದ್ದ. ಒಮ್ಮೆ ಯಾರದೋ ಮದುವೆಯೂಟಕ್ಕೆ ಮುಂಚೆ ಪಾದ್ರಿಯವರು ಪ್ರಾರ್ಥನೆಯ ನಡುವೆ ಉಸಿರೆಳೆದುಕೊಳ್ಳಲು ನಿಂತರು. ಮುಗಿಯಿತೆಂದುಕೊಂಡ ಇವನು ಆಮೆನ್ ಎಂದುಬಿಟ್ಟ. ಹಸಿದಿದ್ದ ಜನ ತಟ್ಟೆಗೆ ಕೈ ಹಾಕಿದ್ದೇ ತಡ, ಯಾರು ನಿಲ್ಲಿಸುತ್ತಾರೆ! ಪಾದ್ರಿಯವರು ಪಾಪ, ಉಳಿದರ್ಧವನ್ನು ಮನಸ್ಸಿನಲ್ಲೇ ಮುಗಿಸಿಕೊಂಡರು.

ಮನೆಯಲ್ಲಿ ಪ್ರಾರ್ಥನೆ ಹೆಂಡತಿಯದು. "ದೇವರ ವಿಚಾರ ನಿಂದು, ನಲ್ಲಿ ವಿಚಾರ ನಂದು" ಎಂದು ಮದುವೆಯಾದ ಹೊಸದರಲ್ಲೇ ಕೆಲಸ ಹಂಚಿಬಿಟ್ಟಿದ್ದ. ಅವಳ ಊಟದ ಪ್ರಾರ್ಥನೆ ಶುರುವಾಯಿತೆಂದರೆ ಮುಗಿಯುವ ಮಾತೇ ಇಲ್ಲ. ಪಕ್ಕದ ಮನೆಯವರ ಕೆಮ್ಮು, ಹಾಲಿನವನ ಮಗಳ ಪರೀಕ್ಷೆ, ಬೀದಿಯ ಕುಂಟು ನಾಯಿ, ಒಬ್ಬರನ್ನೂ ಬಿಡುತ್ತಿರಲಿಲ್ಲ. ಆ ದಿನ ಏನೇನು ನಡೆಯಿತೋ ಅಷ್ಟನ್ನೂ ದೇವರ ಕಿವಿಗೆ ಹಾಕಿದ ಮೇಲೆಯೇ ಅವಳಿಗೆ ತುತ್ತು ಇಳಿಯುತ್ತಿದ್ದುದು. ಇವನು ಒಂದು ಕಣ್ಣು ತೆರೆದು ತಟ್ಟೆಯನ್ನೇ ನೋಡುತ್ತಾ ಕೂತಿರುತ್ತಿದ್ದ.

ಅಂಥವಳಿಗೆ ಲಕ್ವ ಹೊಡೆಯಿತು. ಬಲಗಡೆ ಬಿದ್ದುಹೋಯಿತು, ಮಾತು ನಿಂತುಹೋಯಿತು. ಆಸ್ಪತ್ರೆಯಿಂದ ಬಂದ ಮೇಲೆ ಅವಳ ತಂಗಿ ಜೊತೆಗಿದ್ದು, ತಾನೇ ಪ್ರಾರ್ಥನೆ ಮಾಡಿ ತಾನೇ ಉಣಿಸುತ್ತಿದ್ದಳು. ಆದರೆ ಅವಳಿಗೂ ಮನೆ, ಮಕ್ಕಳು ಎಂದಿದೆಯಲ್ಲ. ಹೊರಡುವಾಗ ಬಾಗಿಲ ಹತ್ತಿರ ನಿಂತು ಪಿಸುಮಾತಿನಲ್ಲಿ ಹೇಳಿದಳು: "ಭಾವ, ಅಕ್ಕ ಊಟ ಮಾತ್ರ ಬಿಡಬಾರದು. ಬಾಯಲ್ಲಿ ತಿನ್ನದಿದ್ರೆ ಮತ್ತೆ ಆಸ್ಪತ್ರೆಗೆ ಸೇರಿಸಿ ಮೂಗಿಗೆ ನಳಿಕೆ ಹಾಕ್ತೀವಿ ಅಂದಿದ್ದಾರೆ ಡಾಕ್ಟ್ರು."

"ನೀನು ಧೈರ್ಯವಾಗಿ ಹೋಗಮ್ಮ, ನಾನಿಲ್ವಾ?" ಎಂದ.

ಆ ಸಂಜೆ ಆಲೂಗಡ್ಡೆ ಬೇಯಿಸಿ, ಹಾಲು ಹಾಕಿ ನುಣ್ಣಗೆ ಹಿಸುಕಿ, ಚಮಚ ಹಿಡಿದು ಮಂಚದ ಪಕ್ಕ ಕೂತ. ಅವಳು ತುಟಿ ಬಿಚ್ಚಲಿಲ್ಲ.

"ಬಿಸಿಯಾಯ್ತಾ? ಉಪ್ಪು ಕಮ್ಮಿಯಾ?" ತಾನೇ ರುಚಿ ನೋಡಿದ. ಸರಿಯಾಗಿಯೇ ಇತ್ತು. ಆಗ ಅವಳು ಎಡಗೈಯಿಂದ ತನ್ನ ಬಲಗೈಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು, ಎರಡನ್ನೂ ಜೋಡಿಸಿ ಕಣ್ಣು ಮುಚ್ಚಿದಳು. ಕಾಯುತ್ತಿರುವುದು ಪ್ರಾರ್ಥನೆಗೆ ಎಂದು ಇವನಿಗೆ ಆಗ ತಿಳಿಯಿತು. ಸಣ್ಣಂದಿನಲ್ಲಿ ಬಾಯಿಪಾಠ ಮಾಡಿದ ಕರ್ತನ ಪ್ರಾರ್ಥನೆಯನ್ನು ಒಂದೇ ಉಸಿರಿಗೆ ಒಪ್ಪಿಸಿದ. ಅವಳು ಕಣ್ಣು ಮುಚ್ಚಿಕೊಂಡೇ ಕಾದಳು. ಅವಳ ಲೆಕ್ಕದಲ್ಲಿ ಅದಿನ್ನೂ ಪೀಠಿಕೆ.

ಮಾರನೆಯ ಬೆಳಿಗ್ಗೆ ಅಟ್ಟದ ಮೇಲಿದ್ದ ಪ್ರಾರ್ಥನೆ ಪುಸ್ತಕವನ್ನು ಇಳಿಸಿದ. ಕನ್ನಡಕ ಸಾಮಾನಿನ ಚೀಲದಲ್ಲಿ ಎಲ್ಲೋ ಸೇರಿಕೊಂಡಿತ್ತು. ಹುಡುಕುವ ತಾಳ್ಮೆಯಿಲ್ಲದೆ, ದಪ್ಪಕ್ಷರದ ಒಂದು ಪುಟ ತೆರೆದು ಭಕ್ತಿಯಿಂದ ಓದತೊಡಗಿದ. ನಮ್ಮನ್ನಗಲಿದ ಈ ಸಹೋದರಿಯನ್ನು ಮಣ್ಣಿಗೆ ಒಪ್ಪಿಸುತ್ತಿದ್ದೇವೆ ಎನ್ನುವವರೆಗೂ ಹೋಗಿಬಿಟ್ಟ. ಅವಳ ಕಣ್ಣುಗಳು ಅಗಲವಾದವು. ಅವನಿಗೂ ಆಗಲೇ ಹೊಳೆದದ್ದು.

"ಅಯ್ಯಯ್ಯೋ, ತಪ್ಪಾಯ್ತು ಕಣೇ!"

ಅವಳ ಎಡಗಡೆಯ ತುಟಿ ಅದುರಿತು, ಗೊರಗೊರ ಸದ್ದು ಮಾಡಿ ನಕ್ಕಳು. ಇದೇ ಸಮಯವೆಂದು ಚಮಚ ತಂದ. ಬಾಯಿ ಮುಚ್ಚಿಕೊಂಡಳು.

ಪಕ್ಕದ ಮನೆಯ ಅಜ್ಜಿಯನ್ನು ಹತ್ತಿರ ಕೂರಿಸಿ ಕೆಲಸಕ್ಕೆ ಹೋದ. ಮಧ್ಯಾಹ್ನ ಓಡಿ ಬಂದು ನೋಡಿದರೆ ಅದೇ ಕತೆ. ಸಂಜೆಯ ಹೊತ್ತಿಗೆ ಅವಳ ತುಟಿ ಒಣಗಿ ಬಿರುಕು ಬಿಟ್ಟಿತ್ತು, ನೀರು ಕೂಡ ಪೂರ್ತಿ ಕುಡಿದಿರಲಿಲ್ಲ. ತಟ್ಟೆ ಮುಂದಿಟ್ಟಾಗ ಮತ್ತೆ ಆ ಸತ್ತ ಕೈಯನ್ನೆತ್ತಿ ಜೋಡಿಸಿಕೊಂಡಳು. ಅವನಿಗೆ ತಡೆಯಲಾಗಲಿಲ್ಲ.

"ಇಷ್ಟೆಲ್ಲಾ ಮಾಡಿದ್ದಾನಲ್ಲ ನಿನಗೆ, ಅವನಿಗೆ ಇನ್ನೂ ಥ್ಯಾಂಕ್ಸ್ ಬೇರೆ ಹೇಳಬೇಕಾ?" ಎಂದು ಕೂಗಿದ.

ಹೇಳಿದ ಮರುಕ್ಷಣವೇ ನಾಚಿಕೆಯಾಯಿತು. ಅವಳು ಕಣ್ಣು ತೆರೆದು ಅವನನ್ನು ನೋಡಿದಳು. ಕೋಪವಿರಲಿಲ್ಲ. ಮತ್ತೆ ಮುಚ್ಚಿಕೊಂಡಳು. ಸೋತುಹೋದವನು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಬೇರೇನೂ ತೋಚದೆ ದಿನದ ಸುದ್ದಿ ಹೇಳತೊಡಗಿದ.

"ಇವತ್ತು ಟೀಚರಮ್ಮ ಮತ್ತೆ ಕರೆದಿದ್ರು. ನಲ್ಲಿ ಸೋರ್ತಿದೆ ಅಂತೆ. ಏನೂ ಸೋರ್ತಿರಲಿಲ್ಲ ಕಣೇ. ಅವರಿಗೆ ಮಾತಾಡೋಕೆ ಒಂದು ಜೀವ ಬೇಕು ಅಷ್ಟೆ. ನಾನೂ ಬಿಚ್ಚಿ, ಒರೆಸಿ, ಮತ್ತೆ ಹಾಕಿ ಬಂದೆ. ಟೀ ಕೊಟ್ರು. ಬೇಕರಿಯವನ ಮೋರಿ ಕಟ್ಟಿಕೊಂಡಿತ್ತು, ಅವನ ಮಗು ಚಮಚ ಹಾಕಿತ್ತು ಅದರೊಳಗೆ. ಹೊಡೀತಿದ್ದ ಅದನ್ನ, ನಾನೇ ಬಿಡಿಸಿದೆ. ನಿನ್ನನ್ನ ಎಲ್ರೂ ಕೇಳಿದ್ರು. ಚೆನ್ನಾಗಿದ್ದಾಳೆ ಅಂದೆ. ಸುಳ್ಳು ಹೇಳಿದೆ."

ಅವಳ ತಲೆ ಇನ್ನಷ್ಟು ಬಾಗಿತ್ತು. ಉಸಿರು ನಿಧಾನವಾಗಿತ್ತು. ಅವಳು ಕೇಳಿಸಿಕೊಳ್ಳುತ್ತಿದ್ದ ರೀತಿಯಲ್ಲಿ ಏನೋ ಇತ್ತು, ತಾನು ಇಬ್ಬರೊಡನೆ ಮಾತಾಡುತ್ತಿದ್ದೇನೆ ಎಂದು ಅವನಿಗೆ ಅನಿಸತೊಡಗಿತು. ಆದರೂ ಮಾತು ನಿಲ್ಲಲಿಲ್ಲ.

"ಆಸ್ಪತ್ರೇಲಿ ನೀನು ಕಣ್ಣು ಬಿಡದೆ ಮಲಗಿದ್ದಾಗ ನಾನೇನು ಮಾಡ್ತಿದ್ದೆ ಗೊತ್ತಾ? ಎಲ್ರೂ ಪ್ರಾರ್ಥನೆ ಮಾಡ್ತಿದ್ರು, ನಾನು ಬಚ್ಚಲಿಗೆ ಹೋಗಿ ಅಲ್ಲಿ ಸೋರ್ತಿದ್ದ ನಲ್ಲಿ ಸರಿ ಮಾಡ್ತಿದ್ದೆ. ಏನಾದ್ರೂ ಒಂದು ಸರಿಹೋಗಲಿ ಅಂತ. ಅಷ್ಟೇ ಗೊತ್ತಿರೋದು ನನಗೆ. ಊರಿನ ನಲ್ಲಿಯೆಲ್ಲಾ ಸರಿ ಮಾಡ್ತೀನಿ, ಇವಳನ್ನ ಸರಿ ಮಾಡೋಕೆ ನನ್ನ ಕೈಲಿ ಆಗ್ತಿಲ್ಲ ತಂದೆ. ನೀನಿದನ್ನ ನೋಡ್ತಿದ್ದೀಯ ತಾನೆ? ಮಾತು ಬೇಡ, ಕೈ ಬೇಡ, ನಾನಿದ್ದೀನಿ ಅದಕ್ಕೆಲ್ಲ. ಒಂದು ತುತ್ತು ತಿನ್ನಲಿ. ಇವಳು ನನಗೆ ಬೇಕು ತಂದೆ."

ಯಾವಾಗ ಕಣ್ಣು ಮುಚ್ಚಿದನೋ ಅವನಿಗೇ ಗೊತ್ತಿರಲಿಲ್ಲ. ಕೆನ್ನೆ ಒದ್ದೆಯಾಗಿತ್ತು, ತೋಳಿನಲ್ಲಿ ಒರೆಸಿಕೊಂಡು ಕಣ್ಣು ಬಿಟ್ಟ. ಅವಳು ಅವನ ಕಡೆಗೆ ಮುಖ ತಿರುಗಿಸಿ, ಬಾಯಿ ತೆರೆದುಕೊಂಡು ಕಾಯುತ್ತಿದ್ದಳು. ಚಮಚ ತುಂಬಿ ಕೊಟ್ಟ. ಅವಳು ನಿಧಾನವಾಗಿ ನುಂಗಿ, ಮತ್ತೆ ಬಾಯಿ ತೆರೆದಳು.