ನಾನು ನೋಡದ ಅಣ್ಣನ ತೂಕ

ಸಾಗರದಲ್ಲಿ ನನ್ನ ಗಂಡನದೂ ನನ್ನದೂ ಒಂದು ಜೆರಾಕ್ಸ್ ಅಂಗಡಿಯಿದೆ. ಮೊದಲ ಬಸಿರಿನ ಏಳನೇ ತಿಂಗಳಲ್ಲೂ ನಾನು ಬೆಳಿಗ್ಗೆಯಿಂದ ಸಂಜೆವರೆಗೆ ಅಲ್ಲಿ ನಿಂತೇ ಕೆಲಸ ಮಾಡುತ್ತಿದ್ದೆ. ನನ್ನದು ಮೊದಲಿನಿಂದಲೂ ತೆಳ್ಳಗಿನ ಮೈ. ಹಾಗಾಗಿ ಗ್ಲೂಕೋಸ್ ನೀರು ಕುಡಿಸಿ ರಕ್ತ ತೆಗೆದ ದಿನ ಯಾವ ಆತಂಕವೂ ಇರಲಿಲ್ಲ. ಸಂಜೆ ರಿಪೋರ್ಟ್ ತರಲು ಹೋದರೆ ಲ್ಯಾಬಿನವರು ಅದನ್ನು ಕೈಗೆ ಕೊಡುವ ಮೊದಲು ಇನ್ನೊಮ್ಮೆ ಹೆಸರು ಕೇಳಿದರು. ಬಸಿರಿನಲ್ಲಿ ಬರುವ ಸಕ್ಕರೆ ಕಾಯಿಲೆ ಎಂದರು. ಬೇರೆ ಯಾರದ್ದೋ ರಿಪೋರ್ಟ್ ಇರಬೇಕು ಎಂದು ನಾನು ಕೌಂಟರಿನಲ್ಲೇ ವಾದಕ್ಕಿಳಿದೆ. ಮರುದಿನ ಇನ್ನೊಂದು ಲ್ಯಾಬಿನಲ್ಲಿ ನೋಡಿಸಿದಾಗಲೂ ಅದೇ ಬಂತು.

ಬಾಣಂತನಕ್ಕೆಂದು ಹೊಸನಗರದ ತವರಿಗೆ ಹೋದೆ. ಅಲ್ಲಿಂದ ತೀರ್ಥಹಳ್ಳಿಯ ಒಬ್ಬ ಡಾಕ್ಟರಮ್ಮನ ಹತ್ತಿರ ತೋರಿಸಲು ಶುರು ಮಾಡಿದೆವು. ಎರಡು ವಾರ ಅನ್ನ ಅರ್ಧಕ್ಕಿಳಿಸಿದೆ, ಬೆಲ್ಲ ಹಾಕಿದ್ದನ್ನು ಮುಟ್ಟಲಿಲ್ಲ, ಉಂಡ ಮೇಲೆ ಅಂಗಳದಲ್ಲಿ ನಡೆದೆ. ಸಕ್ಕರೆ ಇಳಿಯಲಿಲ್ಲ. ಡಾಕ್ಟರಮ್ಮ ಇನ್ಸುಲಿನ್ ಬರೆದರು.

ಅಮ್ಮ ಆ ಚೀಟಿಯ ಔಷಧಿ ತರಲು ಬಿಡಲಿಲ್ಲ. ಬಸುರಿಗೆ ದಿನಾ ಸೂಜಿ ಎಂದರೆ ಹೊಟ್ಟೆಯೊಳಗಿನ ಮಗುವಿಗೇ ಚುಚ್ಚಿದ ಹಾಗೆ ಎಂಬುದು ಅವಳ ತಿಳಿವಳಿಕೆ. ಸುಳ್ಳು ಯಾಕೆ, ನನಗೂ ಒಳಗೊಳಗೆ ಅದೇ ಭಯವಿತ್ತು. ಡಾಕ್ಟರಮ್ಮನನ್ನೇ ಕೇಳಿಬಿಡುತ್ತೇನೆ ಎಂದು ಅಮ್ಮ ಮುಂದಿನ ವಾರ ನನ್ನ ಜೊತೆ ಬಸ್ಸು ಹತ್ತಿದಳು.

"ಈ ಔಷಧಿ ಕೂಸಿಗೆ ತಾಗಲ್ವಾ?" ಎಂದು ಕೂರುವ ಮೊದಲೇ ಕೇಳಿದಳು.

"ಇನ್ಸುಲಿನ್ ಮಗುವಿನ ತನಕ ಹೋಗಲ್ಲಮ್ಮ. ನಿಮ್ಮ ಮಗಳ ರಕ್ತದಲ್ಲಿರೋ ಸಕ್ಕರೆ ಹೋಗುತ್ತೆ. ನಾವು ತಡೀಬೇಕಾದ್ದು ಅದನ್ನ," ಎಂದರು ಡಾಕ್ಟರಮ್ಮ.

ಆಮೇಲೆ ಬಿಡಿಸಿ ಹೇಳಿದರು. ತಾಯಿಯಿಂದ ಬಂದ ಹೆಚ್ಚಿನ ಸಕ್ಕರೆಯನ್ನು ಅರಗಿಸಿಕೊಳ್ಳಲು ಮಗುವಿನ ಮೈಯೇ ಇನ್ಸುಲಿನ್ ಹೆಚ್ಚು ಮಾಡಿಕೊಳ್ಳುತ್ತದೆ, ಅದರಿಂದ ಮಗು ಮಿತಿಮೀರಿ ದಪ್ಪವಾಗುತ್ತದೆ. ಹೆರಿಗೆ ಕಷ್ಟವಾಗುತ್ತದೆ. ಹುಟ್ಟಿದ ಕೂಡಲೇ ತಾಯಿಯಿಂದ ಬರುವ ಸಕ್ಕರೆ ನಿಂತುಹೋಗಿ ಮಗುವಿನ ಸಕ್ಕರೆ ಕುಸಿಯಬಹುದು. ತಾಯಿಯ ಸಕ್ಕರೆ ಯಾರ ಗಮನಕ್ಕೂ ಬಾರದೆ ತೀರಾ ಏರಿದ್ದರೆ, ಕೊನೆಯ ವಾರಗಳಲ್ಲಿ ಹೊಟ್ಟೆಯೊಳಗೇ ಜೀವ ಹೋಗುವುದೂ ಉಂಟು. ಚಿಕಿತ್ಸೆ ಸರಿಯಾಗಿ ತೆಗೆದುಕೊಂಡರೆ ಈ ಅಪಾಯಗಳೆಲ್ಲ ಬಹಳ ಕಡಿಮೆ ಎಂದರು.

ಅಂಥ ಕೂಸು ಎಷ್ಟು ತೂಕ ಇರುತ್ತದೆ ಎಂದು ಅಮ್ಮ ಕೇಳಿದಳು. ನಾಲ್ಕು ಕೇಜಿ, ಕೆಲವೊಮ್ಮೆ ಅದಕ್ಕೂ ಹೆಚ್ಚು ಎಂದು ಡಾಕ್ಟರಮ್ಮ ಹೇಳಿದರು.

"ನಂದು ನಾಕೂವರೆ ಇತ್ತು," ಎಂದಳು ಅಮ್ಮ.

ನನ್ನ ಬಗ್ಗೆ ಹೇಳುತ್ತಿದ್ದಾಳೆ ಅಂದುಕೊಂಡೆ. ನಾನೂ ದಪ್ಪ ಮಗುವೇ ಆಗಿದ್ದೆನಂತೆ. ಆದರೆ ಅವಳು ಹೇಳಿದ್ದು ನನಗಿಂತ ಮೊದಲಿನವನ ವಿಷಯ. ಒಬ್ಬ ಅಣ್ಣ ಇದ್ದ, ಉಳಿಯಲಿಲ್ಲ ಎನ್ನುವುದಷ್ಟೇ ನನಗೆ ಗೊತ್ತಿದ್ದದ್ದು. ಉಳಿದದ್ದನ್ನು ಆ ಕೋಣೆಯಲ್ಲಿ, ಡಾಕ್ಟರಮ್ಮನ ಎದುರು, ಮೊದಲ ಸಲ ಕೇಳಿದೆ.

ಅಮ್ಮನ ತವರು ಹಿನ್ನೀರಿನಾಚೆಯ ಬ್ಯಾಕೋಡು. ಆ ಬಸಿರಿಗೆ ಒಂಬತ್ತು ತಿಂಗಳಾಗಿದ್ದಾಗ ತಂಗಿಯ ನಿಶ್ಚಿತಾರ್ಥವೆಂದು, ಮನೆಯವರು ಬೇಡವೆಂದರೂ ಕೇಳದೆ, ಹೊಳೆಬಾಗಿಲಿನ ಕಡವಿನಲ್ಲಿ ಲಾಂಚು ಹತ್ತಿ, ಆಚೆ ದಡದಲ್ಲಿ ಜೀಪು ಹಿಡಿದು ಹೋಗಿದ್ದಳು. ಮೂರನೆಯ ದಿನ ಮಗು ಒದೆಯುವುದು ನಿಂತಿತು. ಮತ್ತೆ ಹೊಳೆ ದಾಟಿಸಿ ಸಾಗರಕ್ಕೆ ಕರೆತಂದರು. ಹೆರಿಗೆಯಾದಾಗ ಮಗುವಿನಲ್ಲಿ ಜೀವವಿರಲಿಲ್ಲ. ಕೆನ್ನೆ ತುಂಬಿಕೊಂಡು ಮೂರು ತಿಂಗಳ ಮಗುವಿನ ಹಾಗಿದ್ದನಂತೆ. ಲಾಂಚಿನಲ್ಲೂ ಜೀಪಿನಲ್ಲೂ ಕುಲುಕಿಸಿಕೊಂಡು ಹೋಗಿ ಮಗುವನ್ನು ಕಳೆದುಕೊಂಡಳು ಎಂದು ಅಪ್ಪನ ತಾಯಿ, ನನಗೆ ನೆನಪು ಮೂಡುವ ಮೊದಲೇ ತೀರಿಹೋದ ಅಜ್ಜಿ, ಸಾಯುವವರೆಗೂ ಬಂದವರ ಮುಂದೆ ಹೇಳುತ್ತಿದ್ದಳಂತೆ. ಅಪ್ಪ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅಮ್ಮ ಎದುರು ಮಾತಾಡಲಿಲ್ಲ, ಏಕೆಂದರೆ ಅವಳೂ ಅದನ್ನೇ ನಂಬಿದ್ದಳು.

"ಹಂಗಾರೆ ಕೂಸು ಹೋಗಿದ್ದು ನಾ ಹೊಳೆ ದಾಟಿದ್ದಕ್ಕೆ ಅಲ್ವಾ ಡಾಕ್ಟ್ರೇ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಆಗ ಪರೀಕ್ಷೆಯನ್ನೇ ಮಾಡಿಲ್ಲದ್ದರಿಂದ ಈಗ ಖಚಿತವಾಗಿ ಹೇಳಲು ಬರುವುದಿಲ್ಲ, ಆದರೆ ಆ ತೂಕ ಕೇಳಿದರೆ ಸಕ್ಕರೆಯ ಮೇಲೇ ಅನುಮಾನ ಬರುತ್ತದೆ ಎಂದರು. "ಲಾಂಚಲ್ಲಿ ಹೋಗಿದ್ದಕ್ಕೆ ಆಗಿರಲಿಕ್ಕಿಲ್ಲಮ್ಮ. ಅದನ್ನ ಮನಸ್ಸಿಂದ ತೆಗೆದುಬಿಡಿ."

ಅಮ್ಮ ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. ನನ್ನ ವಯಸ್ಸಿಗಿಂತ ಹೆಚ್ಚು ವರ್ಷ ಇವಳು ತನ್ನ ಮಗನನ್ನು ತಾನೇ ಕೊಂದೆನೆಂದುಕೊಂಡು ನಮಗೆಲ್ಲ ಅಡುಗೆ ಮಾಡಿ ಬಡಿಸಿದ್ದಾಳೆ. ಅದೇ ಕಾಯಿಲೆಯನ್ನು ಮೈಯಲ್ಲಿಟ್ಟುಕೊಂಡು ನಾನು ಒಂದು ವಾರ ಔಷಧಿಯಿಲ್ಲದೆ ಕಳೆದಿದ್ದೆ.

ಇನ್ಸುಲಿನ್ನನ್ನು ಬಸ್ ಸ್ಟ್ಯಾಂಡಿನ ಪಕ್ಕದ ಮೆಡಿಕಲ್ಸಿನಲ್ಲಿ ಅಮ್ಮನೇ ಕೇಳಿ ತೆಗೆದುಕೊಂಡಳು. ಒಂದು ವಾರದಲ್ಲಿ ಸಿರಿಂಜಿನ ಅಳತೆ ನೋಡುವುದನ್ನೂ ಕಲಿತಳು. ಬೆರಳು ಚುಚ್ಚಿ ನೋಡುವ ಯಂತ್ರದ ಅಂಕಿಗಳನ್ನು ಕ್ಯಾಲೆಂಡರಿನ ಖಾಲಿ ಜಾಗದಲ್ಲಿ ಬರೆದಿಡುತ್ತಿದ್ದಳು. ನಾನು ಮಾತ್ರ ಆ ದಿನದಿಂದ ಮಗುವಿನ ಒದೆತ ಎಣಿಸದೆ ಒಂದು ತುತ್ತೂ ನುಂಗದಾದೆ. ಸ್ವಲ್ಪ ಹೊತ್ತು ಅಲುಗಾಡದಿದ್ದರೂ ಎಡಮಗ್ಗುಲಾಗಿ ಮಲಗಿ ಮತ್ತೆ ಎಣಿಸುತ್ತಿದ್ದೆ. ಇನ್ಸುಲಿನ್ ಶುರುವಾದಾಗ ಮಾಡಿದ ಸ್ಕ್ಯಾನಿನಲ್ಲಿ ಮಗುವಿನ ಹೊಟ್ಟೆಯ ಸುತ್ತಳತೆ ತುಸು ಹೆಚ್ಚಿತ್ತು. ಸಕ್ಕರೆ ಹಿಡಿತಕ್ಕೆ ಬಂದ ಮೇಲೆ ಮಾಡಿದ್ದರಲ್ಲಿ ಬೆಳವಣಿಗೆ ಸರಿಹೋಗಿತ್ತು.

ತೀರ್ಥಹಳ್ಳಿಯಲ್ಲೇ ಹೆರಿಗೆಯಾಯಿತು. ಹೆಣ್ಣುಮಗು, ಮೂರು ಕೇಜಿ ನೂರು ಗ್ರಾಂ. ಅಮ್ಮ ನರ್ಸಿನ ಹತ್ತಿರ ತೂಕವನ್ನು ಎರಡು ಸಲ ಹೇಳಿಸಿಕೊಂಡಳಂತೆ. ಹಿಮ್ಮಡಿಗೆ ಚುಚ್ಚಿ ನೋಡಿದಾಗ ಮಗುವಿನ ಸಕ್ಕರೆ ಸ್ವಲ್ಪ ಕಡಿಮೆ ಬಂತು. ನರ್ಸು ಗಾಬರಿಯಾಗದೆ ಮಗುವನ್ನು ನನ್ನ ಎದೆಗೆ ಹಚ್ಚಿದರು. ಹಾಲು ಕುಡಿಸಿ ಮತ್ತೆ ನೋಡಿದಾಗ ಸರಿಯಾಗಿತ್ತು.

ಮನೆಗೆ ಕಳಿಸುವ ದಿನ ಡಾಕ್ಟರಮ್ಮ ಅಮ್ಮನಿಗೂ ಒಮ್ಮೆ ಪರೀಕ್ಷೆ ಮಾಡಿಸೋಣವೆಂದರು. ತನಗೆಂತದೂ ಆಗಿಲ್ಲ ಎನ್ನುತ್ತಲೇ ಅಮ್ಮ ಕೈ ಚಾಚಿದಳು. ಅಂಕಿ ನೋಡಿದ ನರ್ಸು ಇನ್ನೊಂದು ಬೆರಳು ಕೇಳಿದರು. ಎರಡನೆಯದೂ ಅಷ್ಟೇ ಮೇಲಿತ್ತು.

ಆರು ವಾರ ಕಳೆದು ಮಾಡಿಸಿದ ನನ್ನ ಪರೀಕ್ಷೆ ಸರಿ ಬಂತು. ಅಮ್ಮ ದಿನಕ್ಕೆರಡು ಮಾತ್ರೆ ನುಂಗುತ್ತಾಳೆ. ಡಾಕ್ಟರಮ್ಮ ಅಂದು ಹೇಳಿದ್ದನ್ನು ಅವಳು ಅಪ್ಪನಿಗೆ ತಿಳಿಸಿದಳೋ ಇಲ್ಲವೋ ನನಗಿನ್ನೂ ಗೊತ್ತಿಲ್ಲ. ಕೇಳುವ ಧೈರ್ಯ ನನಗೆ ಬಂದಿಲ್ಲ.