ಹಚ್ಚದ ಮುಲಾಮು

ನಮ್ಮ ಕಚೇರಿಯ ಮೆಟ್ಟಿಲು ಒರೆಸುವ ಅಕ್ಕನ ಅಜ್ಜ, ಉಳುಕಿದ ಕಾಲನ್ನು ಲಟಕ್ಕೆಂದು ಎಳೆದು ಸರಿಮಾಡುವುದರಲ್ಲಿ ಹತ್ತೂರಿಗೆ ಹೆಸರಾದವನು. ಅಪ್ಪ ನೋವಿನೆಣ್ಣೆ ಕಾಯಿಸಿ ಮನೆಮನೆಗೆ ಹೊತ್ತು ಮಾರಿದವನು. ಈಕೆ ಎಳೆಯುವವಳೂ ಅಲ್ಲ, ಕಾಯಿಸುವವಳೂ ಅಲ್ಲ; ಔಷಧದಂಗಡಿಯ ಮುಲಾಮಿನ ಟ್ಯೂಬೊಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ನಾಲ್ಕು ಮಹಡಿ ಆಳುತ್ತಾಳೆ. ಮೇಲೆ ಯಾರ ಕಾಲು ಹೊರಳಿದರೂ, ಅವರು ಅಯ್ಯೋ ಅನ್ನುವ ಮೊದಲೇ ಕೆಳಗಿನಿಂದ ಇವಳು ಹೊರಟಿರುತ್ತಾಳೆ. "ಮೊದ್ಲು ನಾಲ್ಕು ಹೆಜ್ಜೆ ಇಡಿ, ಆಮೇಲೆ ಮುಲಾಮು" ಎನ್ನುವುದು ಅವಳ ಕಾನೂನು. ಹೆಜ್ಜೆ ಇಟ್ಟವರಿಗೆ ತಣ್ಣೀರ ಬಟ್ಟೆ, ಆಮೇಲೆ ಕಡಲೆಬೀಜದಷ್ಟು ಮುಲಾಮು. ಗಸಗಸ ತಿಕ್ಕಲು ಹೋದ ಸಾಹೇಬರ ಕೈಗೂ ಏಟು ಬೀಳುತ್ತದೆ: "ಹಿಟ್ಟು ನಾದ್ತಿದೀರಾ? ಸವರಿ ಬಿಡಿ, ಅದರ ಪಾಡಿಗೆ ಅದು ಇಳಿಯುತ್ತೆ." ಬೀದಿಬೀದಿಗೆ ಕಾಗದ ಹಂಚುವ ನನಗೆ ಕಾಲೇ ಅನ್ನ. ನಾನು ಜಾರಿ ಬಿದ್ದ ದಿನ ಎರಡನೇ ಹೆಜ್ಜೆಗೇ ಕುಸಿದೆ. ಒಂಚೂರು ಮುಲಾಮು ಹಚ್ಚು ತಾಯಿ ಎಂದು ಅಂಗಲಾಚಿದರೂ ಅವಳು ಮುಚ್ಚಳ ತೆಗೆಯಲಿಲ್ಲ, ನೇರ ಆಸ್ಪತ್ರೆಗೆ ಸಾಗಿಸಿದಳು. ಮೂಳೆ ಬಿರುಕು ಬಿಟ್ಟಿತ್ತು. ಇಂದು ನಾನು ನಡೆಯುತ್ತಿರುವುದು ಅವಳು ಹಚ್ಚದ ಮುಲಾಮಿನಿಂದ. ಅವಳ ಎಡಗಾಲು ಸೊಟ್ಟಗಿರುವುದು ಆಮೇಲಷ್ಟೇ ನನ್ನ ಕಣ್ಣಿಗೆ ಬಿತ್ತು. ಎಂಟು ವರ್ಷದವಳಿದ್ದಾಗ ಅವಳ ಮುರಿದ ಮೂಳೆಯನ್ನು ಉಳುಕೆಂದು ಬಗೆದು ಆ ಅಜ್ಜನೇ ಪ್ರೀತಿಯಿಂದ ಎಳೆದಿದ್ದನಂತೆ. ನಿನ್ನೆ ಅವಳ ನೀರಿನ ಬಕೆಟ್ಟಿಗೆ ನಾನು ಕೈಹಾಕಿದೆ. "ಬಿಡಣ್ಣ, ನಿಂದು ಈಗಷ್ಟೇ ಕೂಡಿದ ಕಾಲು. ನಂದು ಸೊಟ್ಟಗಿದ್ರೂ ಈ ಮೆಟ್ಟಿಲಿಗೆ ಒಗ್ಗಿಹೋಗಿದೆ. ನಾನೇ ಹೊತ್ಕೋತೀನಿ, ನೀನು ಪಕ್ಕಕ್ಕೆ ಸರಿ" ಎಂದಳು.